ಓದಿದ್ದೆಷ್ಟು, ಓದಿ ಹೇಳಿದ್ದೆಷ್ಟು



2025ರ ಜನವರಿಯಿಂದ ಓದಿದ ಪುಸ್ತಕಗಳ ಹೆಸರನ್ನೆಲ್ಲ ಒಂದು ಕಡೆ ಬರೆದಿಡುತ್ತಾ ಬಂದೆ. ಮಗಳ ಹಳೆಯ ರಫ್ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳು ಇದಕ್ಕೆ ಸಾಕಾದವು. ಎಡಗಡೆ ಪುಸ್ತಕದ ಹೆಸರು, ಬಲಗಡೆ ಎಲ್ಲಿಂದ ತಂದದ್ದು, ಯಾರಿಗೆ ಕೊಟ್ಟದ್ದು. ಡಿಸೆಂಬರ್ ಕೊನೆಯಲ್ಲಿ ಎಣಿಸಿದಾಗ 19 ಹೆಸರುಗಳಿದ್ದವು. ಪೂರ್ತಿ ಓದಿದ್ದು 14. ಉಳಿದ ಐದರಲ್ಲಿ ಎರಡು ನಿಜಕ್ಕೂ ಬೇಸರ ತಂದವು, ಮೂರನ್ನು ಮುಗಿಸುವ ಮೊದಲೇ ಹಿಂದಿರುಗಿಸುವ ದಿನ ಬಂತು.

ತಿಂಗಳಿಗೆ ಹತ್ತು ಪುಸ್ತಕ ಓದುವವರಿಗೆ ಇದು ನಗು ತರಿಸಬಹುದು. ಆದರೆ ನಿಮ್ಮಲ್ಲಿ ಹೆಚ್ಚಿನವರ ಮನೆ ನಮ್ಮ ಮನೆಯಂತೆಯೇ ಇರುತ್ತದೆ. ಬೆಳಗಿನ ತಿಂಡಿ, ಮಕ್ಕಳ ಡಬ್ಬಿ, ನೀರು ಬಂದಾಗ ನೀರು ಹಿಡಿಯುವುದು, ಅತ್ತೆಯ ಮಾತ್ರೆ. ಇದರ ನಡುವೆ ಪುಸ್ತಕ ಹಿಡಿದು ಕುಳಿತರೆ ಯಾರೂ ಬೈಯುವುದಿಲ್ಲ, ನಿಜ. ಆದರೆ ಮನೆಯಲ್ಲಿರುವ ಎಲ್ಲರಿಗೂ ಆಗಲೇ ಏನಾದರೊಂದು ಬೇಕಾಗುತ್ತದೆ. ಟಿವಿ ಮುಂದೆ ಕುಳಿತವಳನ್ನು ಕರೆಯುವುದಕ್ಕಿಂತ ಪುಸ್ತಕ ಹಿಡಿದವಳನ್ನು ಕರೆಯುವುದು ಸುಲಭ, ಯಾಕೋ ಗೊತ್ತಿಲ್ಲ.

ಸಾರಾ ಅಬೂಬಕ್ಕರ್ ಅವರ ಬದುಕಿನ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಅವರು 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಹುಡುಗಿಯರನ್ನು ಶಾಲೆಗೆ ಕಳಿಸುವುದೇ ಅಪರೂಪವಾಗಿದ್ದ ಕಾಲದಲ್ಲಿ ಕನ್ನಡ ಶಾಲೆಯಲ್ಲಿ ಕಲಿತರು. ಮುಂದೆ ಓದುವ ಆಸೆಯಿತ್ತು, ಸಮಾಜದ ಕಟ್ಟುಪಾಡು ಅದಕ್ಕೆ ಅಡ್ಡ ಬಂತು. ಒಂದು ಗ್ರಂಥಾಲಯದ ಸದಸ್ಯೆಯಾಗಲು ಅವರಿಗೆ ಸಾಧ್ಯವಾದದ್ದು 1963ರಲ್ಲಿ. ಆಗ ವಯಸ್ಸು 27. ಅದಾದ ಹದಿನೆಂಟು ವರ್ಷಕ್ಕೆ, 1981ರಲ್ಲಿ, 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ಎಲ್ಲರೂ ಅವರು ಬರೆದ ಕಾದಂಬರಿಗಳ ಪಟ್ಟಿ ಹೇಳಿದರು. ನನಗೆ ನೆನಪಾದದ್ದು ಆ ಲೈಬ್ರರಿ ಕಾರ್ಡು.

ನಮ್ಮ ಚನ್ನರಾಯನದುರ್ಗದ ಕಡೆ ಪುಸ್ತಕದಂಗಡಿ ಹುಡುಕಿದರೆ ಸಿಗದು. ಕೋಟೆಯಿದೆ, ಬೆಟ್ಟವಿದೆ, ರಜಾ ದಿನ ಹತ್ತಲು ಬರುವ ಬೆಂಗಳೂರಿನ ಹುಡುಗರಿದ್ದಾರೆ. ಪುಸ್ತಕ ಬೇಕೆಂದರೆ ಪಂಚಾಯಿತಿ ಲೈಬ್ರರಿ, ಇಲ್ಲವೇ ಕೊರಟಗೆರೆ, ಮಧುಗಿರಿಗೆ ಬಸ್ಸು, ಇಲ್ಲವೇ ತುಮಕೂರಿಗೆ ಹೋಗುವವರ ಕೈಲಿ ಚೀಟಿ. ಹಳ್ಳಿ ಲೈಬ್ರರಿಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ 'ಓದುವ ಬೆಳಕು' ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ನನ್ನ 14 ಪುಸ್ತಕಗಳಲ್ಲಿ ಐದು ಬಂದದ್ದು ಮಗಳ ಕಾರ್ಡಿನಲ್ಲಿ. ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಇವತ್ತೇ ಅವರನ್ನು ಸದಸ್ಯರನ್ನಾಗಿ ಮಾಡಿ. ಲಾಭ ಮಕ್ಕಳಿಗೆ ಮಾತ್ರವಲ್ಲ!

ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗಾಗಿ. ನೋಟ್‌ಬುಕ್ಕಿನ ಆ ಹೆಸರುಗಳಲ್ಲಿ ಎರಡರ ಎದುರು ನಾನು ನಕ್ಷತ್ರ ಗುರುತು ಹಾಕಿದ್ದೇನೆ. ಅವೆರಡನ್ನು ನಾನು ಒಬ್ಬಳೇ ಓದಿದ್ದಲ್ಲ, ಗಟ್ಟಿಯಾಗಿ ಓದಿ ಹೇಳಿದ್ದು.

ಮಾರ್ಚ್ ಕೊನೆಗೆ ಈದ್ ಮುಗಿಯಿತು. ಏಪ್ರಿಲ್‌ನಲ್ಲಿ ನಮ್ಮ ಕಡೆ ಹುಣಸೆಹಣ್ಣಿನ ಕೆಲಸ ಜೋರು. ಸಿಪ್ಪೆ, ನಾರು, ಬೀಜ ಬೇರೆ ಮಾಡಿ ಹಣ್ಣು ಗುಡ್ಡೆ ಹಾಕಬೇಕು. ಮಧ್ಯಾಹ್ನ ನಮ್ಮ ಹಿತ್ತಲಿನಲ್ಲಿ ಆರೇಳು ಹೆಂಗಸರು ಸೇರುತ್ತಾರೆ. ಅವರಲ್ಲಿ ನಮ್ಮ ಚಾಚಿ ಹಿರಿಯರು. ಅವರಿಗೆ ಅಕ್ಷರ ಬಾರದು. ಮನೆಮಾತು ಉರ್ದು, ಕನ್ನಡ ಕಲಿತದ್ದು ಸಂತೆಯಲ್ಲಿ, ಹೊಲದಲ್ಲಿ. ನಾನು ಆಗ ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಓದುತ್ತಿದ್ದೆ. "ಒಬ್ಬಳೇ ನಗ್ತೀಯಲ್ಲ ಬೇಟಿ, ಏನದು? ನಮಗೂ ಹೇಳು" ಎಂದರು ಚಾಚಿ. ಗಂಗಮ್ಮ ಬೈಯುವ ಒಂದು ಪುಟ ಓದಿದೆ. ಹಿತ್ತಲೆಲ್ಲ ನಗು. ಮರುದಿನ ಅವರೇ ಕೇಳಿದರು, "ಆ ಅತ್ತೆ ಇವತ್ತೇನು ಬೈದಳು?"

ಹೀಗೆ ಶುರುವಾಯಿತು. ಸುಮಾರು ಒಂದು ತಿಂಗಳು, ದಿನಕ್ಕೆ ಮುಕ್ಕಾಲು ಗಂಟೆ.

1970ರಲ್ಲಿ ಬಂದ ಆ ಕಾದಂಬರಿಯ ಕಥೆ ನಡೆಯುವುದು ತಿಪಟೂರು, ಚನ್ನರಾಯಪಟ್ಟಣದ ಸೀಮೆಯಲ್ಲಿ. ಶಾನುಭೋಗನ ಹೆಂಡತಿ ನಂಜಮ್ಮ. ಗಂಡನಿಗೆ ಹೊಟ್ಟೆ ತುಂಬಿದರೆ ಸಾಕು, ಕೆಲಸ ಬೇಡ. ಶಾನುಭೋಗಿಕೆಯ ಲೆಕ್ಕವನ್ನು ನಂಜಮ್ಮನೇ ಕಲಿತು ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ, ಮಕ್ಕಳನ್ನು ಓದಿಸುತ್ತಾಳೆ. ನನಗೆ ಅರ್ಥವಾಗದ ಎಷ್ಟೋ ಹಳ್ಳಿ ಮಾತುಗಳನ್ನು ಚಾಚಿ ವಿವರಿಸಿದರು. ಪುಸ್ತಕ ಓದುತ್ತಿದ್ದವಳು ನಾನು, ಅರ್ಥ ಹೇಳುತ್ತಿದ್ದವರು ಅಕ್ಷರ ಬಾರದ ಅವರು! ಪ್ಲೇಗಿಗೆ ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುವ ಭಾಗ ಬಂದಾಗ, ತಮ್ಮ ದಾದಿ ಹೇಳುತ್ತಿದ್ದದ್ದೂ ಇದೇ ಎಂದರು. ಮಗಳು ಪಾರ್ವತಿ, ಮಗ ರಾಮಣ್ಣ ಒಬ್ಬರ ಹಿಂದೆ ಒಬ್ಬರು ಹೋದ ದಿನ ಯಾರ ಕೈಯೂ ಹುಣಸೆಹಣ್ಣಿನ ಮೇಲೆ ಆಡಲಿಲ್ಲ. ಲೇಖಕರೂ ಹುಡುಗನಾಗಿದ್ದಾಗಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡವರು ಎಂದು ಹೇಳಿದೆ. "ಅದಕ್ಕೇ ಹೀಗೆ ಬರೆದಿದ್ದಾರೆ" ಎಂದರು ಚಾಚಿ.

ಕೈ ಕೆಲಸ ಮಾಡುತ್ತಿರುವಾಗ ಕಿವಿಗೆ ಓದು ಕೊಡುವುದು ನಾವು ಕಂಡುಹಿಡಿದದ್ದೇನಲ್ಲ. ಕ್ಯೂಬಾ ದೇಶದ ಹವಾನಾದಲ್ಲಿ 1865ರಲ್ಲಿ ಚುಟ್ಟಾ ಕಾರ್ಖಾನೆಯ ಕೆಲಸಗಾರರು ತಮ್ಮ ಕೂಲಿಯಿಂದ ಹಣ ಕೂಡಿಸಿ ಒಬ್ಬ ಓದುಗನನ್ನು ಇಟ್ಟುಕೊಂಡರು. ಮರುವರ್ಷವೇ ಸರಕಾರ ಅದನ್ನು ನಿಷೇಧಿಸಿತು. ಕೇಳಿಸಿಕೊಳ್ಳುವವರ ಬಗ್ಗೆಯೂ ಅಷ್ಟು ಹೆದರಿಕೆ! ಆದರೂ ಆ ಪದ್ಧತಿ ಸಾಯಲಿಲ್ಲ. 'ಮಾಂಟೆ ಕ್ರಿಸ್ಟೊ' ಎಂಬ ಹೆಸರಾಂತ ಚುಟ್ಟಾಕ್ಕೆ ಆ ಹೆಸರು ಬಂದದ್ದೇ ಅವರು ಮೆಚ್ಚಿ ಕೇಳಿದ ಕಾದಂಬರಿಯಿಂದ ಎನ್ನುತ್ತಾರೆ. ಅಷ್ಟು ದೂರ ಯಾಕೆ, ಕಣ್ಣೂರಿನ ಬೀಡಿ ಕಾರ್ಮಿಕರಲ್ಲೂ ಒಬ್ಬ ಪತ್ರಿಕೆ ಓದುವುದು, ಉಳಿದವರು ಬೀಡಿ ಕಟ್ಟುತ್ತಾ ಕೇಳುವುದು ರೂಢಿಯಲ್ಲಿತ್ತು. ಇನ್ನೂ ಹಿಂದೆ ಹೋದರೆ ಬಿಜಾಪುರದ ಸೂಫಿಗಳು ದಖನಿಯಲ್ಲಿ ಕಟ್ಟಿದ ಚಕ್ಕಿನಾಮಾ, ಚರ್ಖಾನಾಮಾಗಳಿವೆ. ಹೆಂಗಸರು ಅವುಗಳನ್ನು ಹಾಡಿದ್ದು ಬೀಸುವ ಕಲ್ಲಿನ ಮುಂದೆ, ನೂಲುವ ರಾಟೆಯ ಮುಂದೆ. ಪಕ್ಕದ ಮನೆಯ ಗೌಡತಿ ರಾಗಿ ಬೀಸುತ್ತಾ ಹಾಡುತ್ತಿದ್ದದ್ದೂ ಅದೇ ಬಗೆಯದು.

ಎರಡನೆಯ ನಕ್ಷತ್ರ ಬಾನು ಮುಷ್ತಾಕ್ ಅವರದು. 2025ರ ಮೇ 20ರಂದು ಲಂಡನ್ನಿನಲ್ಲಿ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಮೊದಲನೆಯದು, ಸಣ್ಣಕಥೆಗಳ ಸಂಕಲನಕ್ಕೂ ಮೊದಲನೆಯದು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕಥೆಗಳು ಅವು. ಐವತ್ತು ಸಾವಿರ ಪೌಂಡಿನ ಬಹುಮಾನ ಇಬ್ಬರಿಗೂ ಸಮಪಾಲು. ಉರ್ದು ಮನೆಯಲ್ಲಿ ಹುಟ್ಟಿದ ಬಾನು ಅವರನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಅವರಿಗೆ ಅಷ್ಟು ದಿನವೂ ಬೇಕಾಗಲಿಲ್ಲ.

ಅವರ ಕಥೆಗಳನ್ನು ತರಿಸಿದಾಗ ನಮ್ಮ ಮನೆಯಲ್ಲೇ ಒಂದು ಮಾತು ಬಂತು. "ಆಯಮ್ಮ ನಮ್ಮ ಮನೆ ಮಾತನ್ನ ಬೀದಿಗೆ ಹಾಕ್ತಾರೆ" ಎಂದು ನನ್ನ ಮೈದುನ. ಯಾವ ಕಥೆ ಓದಿದೆ ಎಂದು ಕೇಳಿದರೆ ಓದಿಲ್ಲ ಎಂದ. ನನ್ನ ಅಭಿಪ್ರಾಯ ಇಷ್ಟೇ. ಓದಿದ ಮೇಲೆ ಜಗಳವಾಡೋಣ. ನನಗೂ ಅವರ ಕೆಲವು ಕಥೆಗಳಲ್ಲಿ ಗಂಡಸರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತಾರೆ, ಅದನ್ನು ಹೇಳುವುದಕ್ಕೂ ಮೊದಲು ಓದಿರಬೇಕಲ್ಲ.

ಜೂನ್‌ನಲ್ಲಿ ಬಿತ್ತನೆಗೆ ಕಡಲೆಕಾಯಿ ಸುಲಿಯುವಾಗ ಅದೇ ಗುಂಪು ಮತ್ತೆ ಸೇರಿತು. ಹಜ್‌ಗೆ ಹೊರಟ ಶ್ರೀಮಂತಳ ಕೈಲಿ ತನಗೊಂದು ಕಫನ್ ತರಿಸಿಕೊಳ್ಳಲು ಆಸೆಪಟ್ಟ ಬಡವಿಯ ಕಥೆ ಎಲ್ಲರಿಗೂ ಹಿಡಿಸಿತು. ಅಂಥವರನ್ನು ನಾವೆಲ್ಲ ಕಂಡಿದ್ದೇವೆ. ಭಾಷೆಯೂ ನಮ್ಮ ಮನೆಯದೇ. ಆಮೇಲೆ 'ಎದೆಯ ಹಣತೆ' ಓದಿದೆ. ಗಂಡ ಬೇರೊಬ್ಬಳನ್ನು ಮೆಚ್ಚಿಕೊಂಡಿದ್ದಾನೆ. ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಮನೆತನದ ಮರ್ಯಾದೆ ಎಂದು ಅಣ್ಣಂದಿರು ಅವಳನ್ನು ಮತ್ತೆ ಅದೇ ಮನೆಗೆ ಬಿಟ್ಟು ಬರುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ತಡೆಯುವವಳು ಹಿರಿಮಗಳು ಸಲ್ಮಾ.

ಆ ದಿನ ಯಾರೂ ಏನೂ ಹೇಳಲಿಲ್ಲ. ಗುಂಪಿನಲ್ಲಿದ್ದ ಒಬ್ಬ ತಾಯಿ ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಅವರ ಮಗಳು ಆರು ತಿಂಗಳಿಂದ ತವರಿನಲ್ಲೇ ಇದ್ದದ್ದು, ಅವಳನ್ನು ಕಳಿಸಿಬಿಡಿ ಎಂದು ನೆಂಟರು ಒತ್ತಾಯಿಸುತ್ತಿದ್ದದ್ದು ನಮಗೆಲ್ಲ ಗೊತ್ತಿತ್ತು. ಮುಟ್ಟಬಾರದ ಗಾಯ ಮುಟ್ಟಿತೇನೋ ಎಂದು ಅಳುಕಿದೆ. ಐದನೇ ದಿನ ಅವರು ಬಂದು ಕುಳಿತು, ಕಡಲೆಕಾಯಿ ಕೈಗೆತ್ತಿಕೊಂಡು, "ಅಣ್ಣಂದಿರು ವಾಪಸ್ ಬಿಡೋಕೆ ಹೋಗ್ತಾರಲ್ಲ, ಅಲ್ಲಿಂದ ಓದಮ್ಮ" ಎಂದರು. ಓದಿದೆ. "ಬಾಗಿಲಲ್ಲಿ ಒಬ್ಬರಾದರೂ ನಿಂತು ಬೇಡ ಅನ್ನಬೇಕಿತ್ತು" ಎಂದರು. ಅಷ್ಟೇ. ಮಗಳನ್ನು ಅವರು ಕಳಿಸಲಿಲ್ಲ. ಗಂಡನ ಕಡೆಯವರೊಂದಿಗೆ ಮಾತುಕತೆ ಇನ್ನೂ ನಡೆಯುತ್ತಿದೆ. ಆದರೆ ಈಗ ಅದು ನಡೆಯುವುದು ಮಗಳನ್ನೂ ಕೂರಿಸಿಕೊಂಡು. ಕಥೆಯಿಂದ ಹೀಗಾಯಿತು ಎಂದು ನಾನು ಹೇಳುವುದಿಲ್ಲ. ಆ ತಾಯಿಯ ಮನಸ್ಸಿನಲ್ಲಿ ಮೊದಲೇ ಇದ್ದಿರಬೇಕು.

ಸೆಪ್ಟೆಂಬರ್ ನಿಮಗೆಲ್ಲ ನೆನಪಿದೆ. ಮೈಸೂರು ದಸರಾ ಉದ್ಘಾಟನೆಗೆ ಬಾನು ಅವರನ್ನು ಕರೆದದ್ದೇ ತಡ, ಟಿವಿಯಲ್ಲಿ ಹಗಲಿರುಳು ಅದೇ ಮಾತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂತು. 22ರಂದು ಅವರು ಉದ್ಘಾಟಿಸಿದರು. 24ರಂದು ಭೈರಪ್ಪನವರು ತೀರಿಕೊಂಡರು. ಇಬ್ಬರೂ ಹಾಸನ ಜಿಲ್ಲೆಯವರು. ಒಬ್ಬರು ಹಾಸನ ಪಟ್ಟಣದವರಾದರೆ ಇನ್ನೊಬ್ಬರು ಸಂತೇಶಿವರದವರು. ಆ ವಾರ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಮೊಬೈಲಿನಲ್ಲಿ ಈ ಇಬ್ಬರ ಬಗ್ಗೆ ಕೇಳಿದ ಮಾತುಗಳಲ್ಲಿ ಪುಸ್ತಕದ ಮಾತು ಎಷ್ಟಿತ್ತೆಂದು ಈಗ ಯೋಚಿಸುತ್ತೇನೆ. ಅವರು ನಮ್ಮವರು, ಇವರು ನಮ್ಮವರಲ್ಲ. ಅವರು ನಮಗೆ ಬೇಡ, ಇವರು ನಮಗೆ ಬೇಕು. ಇಷ್ಟೇ.

ಭೈರಪ್ಪನವರ ನಿಧನದ ಸುದ್ದಿ ಟಿವಿಯಲ್ಲಿ ಬಂದಾಗ ಮೈದುನ, 2007ರಲ್ಲಿ ಬಂದ 'ಆವರಣ'ದ ಮಾತೆತ್ತಿದ. ಆ ಕಾದಂಬರಿಯ ಬಗ್ಗೆ ನಮ್ಮಲ್ಲಿ ಅನೇಕರಿಗೆ ನೋವಿದೆ, ನನಗೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ಚಾಚಿ ಒಳಗಿನಿಂದ ಬಂದು, "ಯಾರು ಹೋದದ್ದು?" ಎಂದು ಕೇಳಿದರು. ಹೇಳಿದೆ. "ನಂಜಮ್ಮನ ಕಥೆ ಬರೆದವರಾ?" ಎಂದು ಅಲ್ಲೇ ಕುಳಿತು, "ಇನ್ನಾ ಲಿಲ್ಲಾಹಿ" ಎಂದರು. ಮೈದುನ ಸುಮ್ಮನಾದ. ಕೆಲವು ದಿನ ಬಿಟ್ಟು 'ಗೃಹಭಂಗ' ಎಲ್ಲಿದೆ ಎಂದು ಕೇಳಿದ. ಲೈಬ್ರರಿಗೆ ವಾಪಸ್ ಕೊಟ್ಟಾಗಿತ್ತು, ಅವನೇ ಹೋಗಿ ತಂದ. ಎಷ್ಟು ಓದಿದನೋ ನನಗೆ ತಿಳಿಯದು, ನೋಟ್‌ಬುಕ್ಕಿನಲ್ಲಿ ಮಾತ್ರ ಅವನ ಹೆಸರು ಬರೆದುಕೊಂಡೆ.

ಉಳಿದ ಪುಸ್ತಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತ್ರಿವೇಣಿಯವರ 'ಶರಪಂಜರ' ಮೂರನೇ ಸಲ ಓದಿದೆ. ಹೆರಿಗೆಯ ನಂತರ ಮನಸ್ಸು ಕೆಡುವುದು ಕಾಯಿಲೆ, ದೆವ್ವವಲ್ಲ ಎಂದು ಅವರು ಅರವತ್ತು ವರ್ಷಗಳ ಹಿಂದೆಯೇ ತೋರಿಸಿದ್ದರು. ನಮ್ಮ ಬಾಣಂತಿ ಮನೆಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ. ತೇಜಸ್ವಿಯವರ 'ಕರ್ವಾಲೊ' ಮಗಳು ಓದಿ ನನಗೆ ಕೊಟ್ಟದ್ದು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದಾಗ ಸಮಾಧಾನವಾದದ್ದು ಬೇರೆ ಕಾರಣಕ್ಕೆ. ಅವರ ಮೊದಲ ಕಾದಂಬರಿ ಬಂದದ್ದು 1963ರಲ್ಲಿ, ಅವರಿಗೆ ನಲವತ್ತೈದು ದಾಟಿದ ಮೇಲೆ. ವಯಸ್ಸಾಯಿತು ಎನ್ನುವ ಸಹೋದರಿಯರು ಗಮನಿಸಿ.

ಮುಂದಿನ ಹುಣಸೆಹಣ್ಣಿಗೆ ಯಾವ ಪುಸ್ತಕ ಎಂದು ಚಾಚಿ ಈಗಲೇ ಕೇಳುತ್ತಿದ್ದಾರೆ. "ಅಳಿಸುವುದು ಬೇಡ, ಅಳುವುದಕ್ಕೆ ಕಣ್ಣಲ್ಲಿ ನೀರಿಲ್ಲ" ಎಂದು ತಾಕೀತು ಮಾಡಿದ್ದಾರೆ. ನಾನು 'ಕರ್ವಾಲೊ' ಎಂದೆ. ಆದರೆ ತವರಿನಲ್ಲಿರುವ ಆ ಹುಡುಗಿ ನಮ್ಮ ಕಪಾಟಿನಿಂದ 'ಚಂದ್ರಗಿರಿಯ ತೀರದಲ್ಲಿ' ತೆಗೆದುಕೊಂಡು ಹೋಗಿದ್ದಾಳೆ. ಅದರ ಕೊನೆ ನನಗೆ ಗೊತ್ತಿದ್ದರಿಂದ, ಇದು ಬೇಡ, ಬೇರೆ ಕೊಡುತ್ತೇನೆ ಎಂದೆ. "ಕೊನೆ ಮೊದಲೇ ಓದಿಬಿಟ್ಟೆ ಆಪಾ, ಈಗ ಶುರುವಿನಿಂದ ಓದ್ತೀನಿ" ಎಂದಳು. ಎಸ್ಸೆಸ್ಸೆಲ್ಸಿ ಮುಗಿಸಿದವಳು, ಓದುವಾಗ ತಡವರಿಸುವುದಿಲ್ಲ. ಹೀಗಾಗಿ ಫೆಬ್ರವರಿಯಿಂದ ನಮ್ಮ ಹಿತ್ತಲಿನಲ್ಲಿ ಓದಿ ಹೇಳುವವಳು ಅವಳು, ಪುಸ್ತಕವನ್ನು ಅವಳೇ ಆರಿಸುತ್ತಾಳೆ. ನಾನು ಬೀಜ ತೆಗೆಯುತ್ತೇನೆ.