ಅಂಕ ನಿಲ್ಲಲಿ, ಆಟ ನಿಲ್ಲದಿರಲಿ

ಒಂದು ತಂಡ ಪೂರ್ತಿ ಮೇಲುಗೈ ಸಾಧಿಸಿದ ಮೇಲೆ ಪಂದ್ಯವನ್ನು ಅರ್ಧಕ್ಕೇ ಮುಗಿಸಬೇಕೆ? ಬೇಸ್‌ಬಾಲ್‌ನಲ್ಲಿ ಇದು ಹಳೆಯ ಚರ್ಚೆ. ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನ ಮೊದಲ ಸುತ್ತಿನಲ್ಲಿ ಐದು ಇನಿಂಗ್ಸ್ ಬಳಿಕ 15 ಅಥವಾ ಏಳು ಇನಿಂಗ್ಸ್ ಬಳಿಕ 10 ರನ್ ಮುನ್ನಡೆಯಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಈ ನಿಯಮವಿಲ್ಲ. ನಮ್ಮಲ್ಲಿ ಈ ಪ್ರಶ್ನೆಯನ್ನು ಕೇಳಬೇಕಾದದ್ದು ಶಾಲಾ ಕ್ರೀಡಾಕೂಟಗಳ ಬಗ್ಗೆ.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯಂಥ ಊರುಗಳ ಸುತ್ತ ಮನೆಗಳು ಚದುರಿವೆ, ಶಾಲೆಗಳು ಸಣ್ಣವು. ಶಿರಸಿ, ಯಲ್ಲಾಪುರದ ಹಳ್ಳಿಗಳದ್ದೂ ಇದೇ ಕತೆ. ಕಬಡ್ಡಿಗೆ ಏಳು ಮಕ್ಕಳನ್ನು ಹೊಂದಿಸುವುದೇ ಕಷ್ಟವಾದ ಶಾಲೆ, ಪೇಟೆಯ ದೊಡ್ಡ ಶಾಲೆಯ ಆಯ್ದ ತಂಡವನ್ನು ಎದುರಿಸಿದರೆ ಫಲಿತಾಂಶ ಬಹುಪಾಲು ಮೊದಲೇ ಗೊತ್ತಿರುತ್ತದೆ.

ಬೇಗ ಮುಗಿಸುವ ನಿಯಮ ನಮಗೆ ಹೊಸದಲ್ಲ. ಹಳಿಯಾಳದ ಪೈಲ್ವಾನರಿಗೆ ಅದು ಚೆನ್ನಾಗಿ ಗೊತ್ತು: ಫ್ರೀಸ್ಟೈಲ್ ಕುಸ್ತಿಯಲ್ಲಿ 10 ಅಂಕಗಳ ಅಂತರವಾದರೆ ಸೆಣಸಾಟ ಮುಗಿಯಿತು. ಸೋಲುತ್ತಿರುವವನ ದೇಹಕ್ಕೆ ಪೆಟ್ಟು ಬೀಳುವ ಆಟದಲ್ಲಿ ಅದು ನ್ಯಾಯವೇ. ಬೇಸ್‌ಬಾಲ್‌ಗೆ ಗಡಿಯಾರದ ಮಿತಿಯಿಲ್ಲ, ಹೀಗಾಗಿ ಅಲ್ಲಿಯೂ ಈ ನಿಯಮಕ್ಕೆ ಅರ್ಥವಿದೆ. ಆದರೆ ಕಬಡ್ಡಿ, ಖೊಖೊ ಸಮಯಕ್ಕೆ ಕಟ್ಟುಬಿದ್ದ ಆಟಗಳು. 2025ರ ಖೊಖೊ ವಿಶ್ವಕಪ್‌ನಲ್ಲಿ ಭಾರತದ ವನಿತೆಯರು ದಕ್ಷಿಣ ಕೊರಿಯಾವನ್ನು 175–18ರಿಂದ ಸೋಲಿಸಿದರು. ಅಂತರ ಅಷ್ಟಿದ್ದರೂ ಏಳು ನಿಮಿಷಗಳ ನಾಲ್ಕು ಸರದಿಗಳಲ್ಲಿ ಆಟ ತಾನಾಗಿ ಮುಗಿಯಿತು. ಹೊಸದಾಗಿ ಕಲಿಯುತ್ತಿರುವ ತಂಡಕ್ಕೆ ಅಷ್ಟು ಹೊತ್ತು ಬಲಿಷ್ಠರೆದುರು ಆಡಲು ಸಿಕ್ಕಿದ್ದೂ ಲಾಭವೇ.

ಹಾಗೆಂದು ಎಲ್ಲವನ್ನೂ ಗೆಲ್ಲುವವರ ವಿವೇಚನೆಗೆ ಬಿಡಲಾಗದು. 2016ರ ಜನವರಿಯಲ್ಲಿ ಮುಂಬೈ ಬಳಿಯ ಕಲ್ಯಾಣದಲ್ಲಿ ನಡೆದ ಅಂತರಶಾಲಾ ಕ್ರಿಕೆಟ್ ಪಂದ್ಯವನ್ನು ನೆನೆಯಿರಿ. ಎದುರಾಳಿಗಳು 31ಕ್ಕೆ ಆಲೌಟ್ ಆಗಿದ್ದರೂ ಪ್ರಣವ್ ಧನವಾಡೆ ಅವರ ತಂಡ ಡಿಕ್ಲೇರ್ ಮಾಡಿದ್ದು 1,465 ರನ್ ಗಳಿಸಿದ ಮೇಲೆ. ಪ್ರಣವ್ ಅಜೇಯ 1,009 ರನ್ ಗಳಿಸಿ ದೇಶದ ಮನೆಮಾತಾದರು. ಬಿಸಿಲಲ್ಲಿ ಚೆಂಡು ಹೆಕ್ಕಿದ ಮಕ್ಕಳು ಏನು ಕಲಿತರೆಂದು ಯಾರೂ ಕೇಳಲಿಲ್ಲ.

ಆದ್ದರಿಂದ ಶಾಲಾ ಕ್ರೀಡಾಕೂಟಗಳಲ್ಲಿ ಅಂಕ ಮತ್ತು ಆಟವನ್ನು ಬೇರ್ಪಡಿಸಬೇಕು. ಅಂತರ ಇಂತಿಷ್ಟು ದಾಟಿದಾಗ, ಹಿಂದುಳಿದ ತಂಡ ಬಯಸಿದರೆ, ಅಂಕಫಲಕ ನಿಲ್ಲಲಿ. ವಿಜೇತರ ಹೆಸರು ಬರೆದುಕೊಳ್ಳಲಿ. ಉಳಿದ ನಿಮಿಷಗಳಲ್ಲಿ ಎರಡೂ ಕಡೆಯ ಕಾಯ್ದಿರಿಸಿದ ಆಟಗಾರರು ಇಳಿಯಲಿ, ತಂಡಗಳನ್ನು ಬೆರೆಸಿಯೂ ಆಡಿಸಲಿ. ಒಂದೇ ದಿನದಲ್ಲಿ ಹಲವು ಪಂದ್ಯ ಮುಗಿಸುವ ಒತ್ತಡ ಸಂಘಟಕರಿಗಿರುವುದು ನಿಜ. ಆದರೆ ನಿಗದಿತ ಅವಧಿಯೊಳಗೇ ಇದೆಲ್ಲ ನಡೆಯುವುದರಿಂದ ಹೆಚ್ಚುವರಿ ಹೊತ್ತು ಬೇಕಿಲ್ಲ. ಆಡಿಯೇ ಸೋಲುತ್ತೇವೆ ಎನ್ನುವ ತಂಡಕ್ಕೆ ಕೊನೆಯ ರೇಡ್‌ವರೆಗೂ ಅಂಕ ಬರೆಯಲಿ.

ಮಳೆಗಾಲದ ಕೆಸರು ದಾರಿಯಲ್ಲಿ ಬಸ್ಸಿಗೆ ಕಾದು ತಾಲ್ಲೂಕು ಕೇಂದ್ರ ತಲುಪುವ ಮಗುವಿಗೆ ಆ ದಿನದ ಪಂದ್ಯ ವರ್ಷದ ಏಕೈಕ ಅವಕಾಶವಾಗಿರಬಹುದು. ಸೋಲಿನ ಅವಮಾನದಿಂದ ಆ ಮಗುವನ್ನು ಕಾಪಾಡುವ ನೆಪದಲ್ಲಿ ಆಡುವ ಹಕ್ಕನ್ನು ಕಸಿದುಕೊಳ್ಳಬಾರದು. ಮುಂದಿನ ಕ್ರೀಡಾಕೂಟದ ನಿಯಮಾವಳಿ ಬರೆಯುವ ಮುನ್ನ ದೈಹಿಕ ಶಿಕ್ಷಕರು ಇದನ್ನು ಚರ್ಚಿಸಲಿ.