ಆರೋಪಿಯ ವಕೀಲನನ್ನು ಖಳನಾಯಕನನ್ನಾಗಿ ಮಾಡಬೇಡಿ

ಮಾನ್ಯ ಸಂಪಾದಕರೇ,

ಕೋರ್ಟ್ ಕಥೆಯ ಚಿತ್ರ ತೆರೆಕಂಡಾಗಲೆಲ್ಲ ಪತ್ರಿಕೆಗಳೂ ಟಿ.ವಿ. ವಾಹಿನಿಗಳೂ ಚಿತ್ರಮಂದಿರದ ಬಾಗಿಲಲ್ಲಿ ನಿಂತು ಪ್ರೇಕ್ಷಕರ ಅಭಿಪ್ರಾಯ ಕೇಳುತ್ತವೆ. 2025ರ ಏಪ್ರಿಲ್‌ನಲ್ಲಿ ಅಜಯ್ ರಾವ್ ಅವರ ‘ಯುದ್ಧಕಾಂಡ ಚಾಪ್ಟರ್ 2’ ಬಂದಾಗಿನಿಂದ ಇಂಥ ಅಭಿಪ್ರಾಯಗಳನ್ನು ಗಮನವಿಟ್ಟು ಓದುತ್ತ, ನಮ್ಮ ಮಂಡ್ಯದ ಗುತ್ತಲು ರಸ್ತೆಯ ಟೀ ಅಂಗಡಿಗಳಲ್ಲಿ ಕೇಳುತ್ತ ಬಂದಿದ್ದೇನೆ. ಇಂಥ ಅಪರಾಧಿಗಳಿಗೆ ಕೋರ್ಟು ಯಾಕೆ, ನಿಂತಲ್ಲೇ ಸುಟ್ಟುಬಿಡಬೇಕು ಎನ್ನುತ್ತಾರೆ. ಆರೋಪಿಯ ಪರ ನಿಂತ ಲಾಯರ್‌ಗೆ ಮೊದಲು ಶಿಕ್ಷೆ ಆಗಬೇಕು ಎನ್ನುತ್ತಾರೆ. ಪಾಟೀಸವಾಲಿನ ದೃಶ್ಯಗಳು ಬಂದರೆ ಸೆಕೆಂಡ್ ಹಾಫ್ ಲ್ಯಾಗ್ ಎಂದು ಬಿಡುತ್ತಾರೆ. ಈ ಮಾತುಗಳನ್ನು ಪತ್ರಿಕೆಗಳು ಹಾಗೆಯೇ ಅಚ್ಚು ಹಾಕಿ, ಜನರ ತೀರ್ಪು ಎಂದು ತಲೆಬರಹ ಕೊಡುವುದಕ್ಕೆ ನನ್ನ ತಕರಾರಿದೆ.

ಆ ಚಿತ್ರದ ಕಥೆಯನ್ನೇ ನೋಡಿ. ಎಳೆಯ ಮಗಳ ಮೇಲೆ ಅತ್ಯಾಚಾರ ಎಸಗಿದವನನ್ನು ತಾಯಿ ನ್ಯಾಯಾಲಯದ ಆವರಣದಲ್ಲೇ ಗುಂಡಿಟ್ಟು ಕೊಲ್ಲುತ್ತಾಳೆ. ಶಿಳ್ಳೆ ಬೀಳುವುದು ಅಲ್ಲಿಗೆ. ಆದರೆ ಆ ಕ್ಷಣದಿಂದ ಆ ತಾಯಿಯೇ ಕೊಲೆ ಆರೋಪಿ. ಅವಳ ವಕಾಲತ್ತು ಹಿಡಿಯುವ ಯುವ ವಕೀಲನೇ ಕಥಾನಾಯಕ. ಆರೋಪಿ ಪರ ಯಾರೂ ವಾದಿಸಬಾರದು ಎನ್ನುವವರು, ಆರೋಪಿ ಪರ ವಾದಿಸುವವನಿಗೇ ಎದ್ದು ನಿಂತು ಚಪ್ಪಾಳೆ ತಟ್ಟಿ ಬಂದಿದ್ದಾರೆ. ಮೈಕ್ ಹಿಡಿದವರು ಈ ಒಂದು ಮಾತನ್ನು ಅವರಿಗೆ ಎತ್ತಿ ತೋರಿಸಿದ್ದರೆ ಎಷ್ಟು ಒಳ್ಳೆಯ ಚರ್ಚೆ ಆಗುತ್ತಿತ್ತು!

1989ರ ‘ಯುದ್ಧಕಾಂಡ’ವನ್ನು ನನ್ನ ವಯಸ್ಸಿನವರು ಮರೆತಿರಲಾರರು. ಕೆ.ವಿ. ರಾಜು ನಿರ್ದೇಶನ, ರವಿಚಂದ್ರನ್ ನಾಯಕ, ಹಿಂದಿಯ ‘ಮೇರಿ ಜಂಗ್’ ಆಧರಿಸಿದ ಕಥೆ. ತಪ್ಪೇ ಮಾಡದ ತಂದೆ ಗಲ್ಲಿಗೇರಿದ್ದರಿಂದ ಮಗ ವಕೀಲನಾಗುತ್ತಾನೆ. ಕೋರ್ಟೂ ತಪ್ಪಬಹುದು, ಸುಳ್ಳು ಸಾಕ್ಷಿಗೆ ಒಂದು ಜೀವವೇ ಹೋಗಬಹುದು ಎನ್ನುವುದು ಆ ಕಥೆಯ ಬೇರು. ಎಂ.ಜಿ. ಶ್ರೀನಿವಾಸ್ ಅವರ ‘ಬೀರ್‌ಬಲ್’ನಲ್ಲಿಯೂ (2019) ವಕೀಲ ಹೋರಾಡುವುದು ಮಾಡದ ಕೊಲೆಗೆ ಶಿಕ್ಷೆ ಉಂಡವನಿಗಾಗಿ. ಅದರಲ್ಲೂ ಸಸ್ಪೆನ್ಸ್ ಇದೆ, ಆದರೆ ಬಂದೂಕಿನಿಂದ ಹುಟ್ಟಿದ ಸಸ್ಪೆನ್ಸ್ ಅಲ್ಲ, ಸಾಕ್ಷ್ಯದ ಬಿರುಕಿನಿಂದ ಹುಟ್ಟಿದ್ದು.

ಜನರ ಸಿಟ್ಟನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2022ರ ಅಕ್ಟೋಬರ್‌ನಲ್ಲಿ ಮಳವಳ್ಳಿಯಲ್ಲಿ ಟ್ಯೂಷನ್‌ಗೆ ಹೋದ ಹತ್ತು ವರ್ಷದ ಮಗು ಹೆಣವಾಗಿ ಸಿಕ್ಕಿದಾಗ ಈ ಜಿಲ್ಲೆಯ ಯಾವ ಮನೆಯಲ್ಲೂ ಅನ್ನ ಗಂಟಲಿಗೆ ಇಳಿಯಲಿಲ್ಲ. ನನ್ನ ಮನೆಯಲ್ಲೂ ಇಳಿಯಲಿಲ್ಲ. ಬೀದಿಗಿಳಿದು ಕೂಗಿದವರ ನೋವು ನಿಜ. ನ್ಯಾಯ ತಡವಾಗುತ್ತದೆ ಎಂಬ ದೂರೂ ನಿಜ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಪ್ರಕರಣವನ್ನು ನ್ಯಾಯಾಲಯ ಕೈಗೆತ್ತಿಕೊಂಡ 30 ದಿನಗಳೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು, ಸಾಧ್ಯವಾದಷ್ಟು ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು ಎಂದು ಆ ಕಾಯ್ದೆಯೇ ಹೇಳುತ್ತದೆ. ಬಹಳಷ್ಟು ಪ್ರಕರಣಗಳಲ್ಲಿ ಹಾಗೆ ಆಗುವುದಿಲ್ಲ.

ಏಕೆ ಆಗುವುದಿಲ್ಲ? ವಕೀಲರ ಗುಮಾಸ್ತನಾಗಿ ದುಡಿದವನು ನಾನು. ಪ್ರಯೋಗಾಲಯದ ವರದಿ ಬಂದಿರುವುದಿಲ್ಲ. ಸಾಕ್ಷಿಗೆ ಸಮನ್ಸ್ ಜಾರಿಯಾಗಿರುವುದಿಲ್ಲ. ತನಿಖಾಧಿಕಾರಿಗೆ ವರ್ಗವಾಗಿರುತ್ತದೆ. ನ್ಯಾಯಾಧೀಶರು ರಜೆಯಲ್ಲಿರುತ್ತಾರೆ, ಇಲ್ಲವೇ ಆ ಹುದ್ದೆಯೇ ಖಾಲಿ. ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತಿ ಬಂದ ಸಾಕ್ಷಿ ಸಂಜೆಯವರೆಗೆ ಮರದಡಿ ಕೂತು, ವಾಯಿದೆ ಹಾಕಿಸಿಕೊಂಡು ಹೋಗುತ್ತಾನೆ. ಮೂರನೇ ಸಲ ಬರುವಷ್ಟರಲ್ಲಿ ಅವನಿಗೆ ನೆನಪೂ ಮಸುಕು, ಆಸಕ್ತಿಯೂ ಇಲ್ಲ. ಮಹಜರಿಗೆ ಸಹಿ ಹಾಕಿದ ಪಂಚರು ನಮಗೇನೂ ಗೊತ್ತಿಲ್ಲ, ಠಾಣೆಯಲ್ಲಿ ಸಹಿ ಮಾಡು ಅಂದರು ಮಾಡಿದೆವು ಎಂದುಬಿಡುತ್ತಾರೆ. ಬೇಕೆಂದೇ ವಾಯಿದೆ ಕೇಳಿ ಎಳೆಯುವ ವಕೀಲರೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸಿನಿಮಾ ನೋಡಿ ಬಂದವರ ಬಾಯಲ್ಲಿ ಇಷ್ಟೆಲ್ಲದರ ಬದಲಿಗೆ ಒಬ್ಬನೇ ಅಪರಾಧಿ ಉಳಿಯುತ್ತಾನೆ: ಎದುರು ಪಕ್ಷದ ಕರಿಕೋಟು.

ಈ ಅಭಿಪ್ರಾಯ ಚಿತ್ರಮಂದಿರದಲ್ಲೇ ಉಳಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. 2020ರ ಜನವರಿಯಲ್ಲಿ ಪಕ್ಕದ ಮೈಸೂರಿನಲ್ಲಿ ಪ್ರತಿಭಟನೆಯೊಂದರಲ್ಲಿ ಫಲಕ ಹಿಡಿದ ಯುವತಿಯ ಪರ ಯಾರೂ ವಕಾಲತ್ತು ಹಾಕಬಾರದು ಎಂದು ವಕೀಲರ ಸಂಘವೇ ನಿರ್ಣಯ ಮಾಡಿತು. ಹೊರ ಊರುಗಳ ನೂರಕ್ಕೂ ಹೆಚ್ಚು ವಕೀಲರು ಆಕೆಯ ವಕಾಲತ್ತಿಗೆ ಸಹಿ ಹಾಕಬೇಕಾಯಿತು. ಮರುತಿಂಗಳು ಹುಬ್ಬಳ್ಳಿಯಲ್ಲಿ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲೂ ಅದೇ ನಡೆಯಿತು, ನಮ್ಮ ಹೈಕೋರ್ಟ್ ಅದನ್ನು ಕಟುವಾಗಿ ಆಕ್ಷೇಪಿಸಿತು. ಇಂಥ ನಿರ್ಣಯಗಳಿಗೆ ಬೆಲೆಯೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಬಂಧಿತನಿಗೆ ತನ್ನ ಆಯ್ಕೆಯ ವಕೀಲನ ಮೂಲಕ ಸಮರ್ಥಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ. ಮುಂಬೈ ದಾಳಿಯ ಕಸಬ್‌ಗೂ ವಕೀಲರನ್ನು ಕೊಟ್ಟೇ ಈ ದೇಶ ಗಲ್ಲು ಶಿಕ್ಷೆ ಜಾರಿ ಮಾಡಿತು.

ವಕೀಲನನ್ನು ತಪ್ಪಿಸಿದರೆ ನೊಂದವರಿಗೂ ನಷ್ಟವೇ. 1997ರ ದೆಹಲಿ ಬಸ್ ಸ್ಫೋಟದ ಪ್ರಕರಣದಲ್ಲಿ ಕೊಟ್ಟಿದ್ದ ಗಲ್ಲು ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ರದ್ದು ಮಾಡಿ ಮರುವಿಚಾರಣೆಗೆ ಕಳಿಸಿತು. ವಿಚಾರಣೆಯಲ್ಲಿ ಆರೋಪಿಗೆ ಸರಿಯಾದ ವಕೀಲರ ನೆರವು ಸಿಕ್ಕಿರಲಿಲ್ಲ ಎಂಬುದೇ ಕಾರಣ. ಸತ್ತವರ ಮನೆಯವರು ಅಷ್ಟು ವರ್ಷದ ಮೇಲೆ ಮತ್ತೆ ಮೊದಲಿನಿಂದ ಕಾಯಬೇಕಾಯಿತು.

ನಿಂತಲ್ಲೇ ಸುಡುವುದೂ ಆಗಿದೆ. 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಪಶುವೈದ್ಯೆಯ ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಹೂವು ಎರಚಿದರು. ಇದರ ತನಿಖೆ ನಡೆಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ಪೊಲೀಸರ ಕಥೆಯನ್ನು ನಂಬಲಾಗದು ಎಂದಿತು. ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದೂ ಹೇಳಿತು. ಆ ಹೆಣ್ಣುಮಗಳಿಗೆ ಆದದ್ದೇನು, ಮಾಡಿದವರು ಯಾರು ಎಂಬುದು ಇನ್ನು ಯಾವ ನ್ಯಾಯಾಲಯದಲ್ಲೂ ಸಾಬೀತಾಗುವಂತಿಲ್ಲ.

ಇದಕ್ಕೆ ಎದುರಾಗಿ ಮಂಸೋರೆ ಅವರ ‘19.20.21’ (2023) ಚಿತ್ರವನ್ನು ಇಡುತ್ತೇನೆ. ಬೆಳ್ತಂಗಡಿ ತಾಲ್ಲೂಕಿನ ಮಲೆಕುಡಿಯ ಸಮುದಾಯದ ವಿದ್ಯಾರ್ಥಿಯೊಬ್ಬನನ್ನೂ ಅವನ ತಂದೆಯನ್ನೂ ನಕ್ಸಲ್ ನಂಟಿನ ಆರೋಪದಲ್ಲಿ 2012ರಲ್ಲಿ ಹಿಡಿದ ನಿಜ ಪ್ರಕರಣ ಅದಕ್ಕೆ ಆಧಾರ. ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಇತ್ತು. ಇಬ್ಬರೂ ನಿರ್ದೋಷಿಗಳೆಂದು ತೀರ್ಪು ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಅವತ್ತು ಜನರ ಅಭಿಪ್ರಾಯ ಕೇಳಿ ತೀರ್ಪು ಕೊಟ್ಟಿದ್ದರೆ ಆ ಹುಡುಗನ ಗತಿ ಏನಾಗುತ್ತಿತ್ತು? ಈ ಚಿತ್ರದ ಬಗ್ಗೆ ಮಾತಾಡಿದ ಒಬ್ಬರೂ ನನಗೆ ನಮ್ಮೂರಲ್ಲಿ ಸಿಗಲಿಲ್ಲ, ಅದು ನನಗೆ ಬಹಳ ಬೇಸರ ತಂದಿದೆ.

ಪ್ರೇಕ್ಷಕರ ಬಾಯಿ ಮುಚ್ಚಿಸಿ ಎಂದು ನಾನು ಕೇಳುತ್ತಿಲ್ಲ. ‘ಮಾರ್ಟಿನ್’ ಚಿತ್ರಕ್ಕೂ ‘ದಿ ಡೆವಿಲ್’ ಚಿತ್ರಕ್ಕೂ ನಿರ್ಮಾಪಕರು ವಿಮರ್ಶೆಯ ಮೇಲೆ ಕೋರ್ಟಿನಿಂದ ತಡೆ ತಂದದ್ದು ನನಗೆ ಒಪ್ಪಿಗೆಯಿಲ್ಲ. ದುಡ್ಡು ಕೊಟ್ಟು ನೋಡಿದವರು ಚೆನ್ನಾಗಿಲ್ಲ ಎಂದರೆ ಎನ್ನಲಿ. ಮುಂದಿನ ಸಲ ಕೋರ್ಟ್ ಚಿತ್ರ ಬಂದಾಗ ಅಭಿಪ್ರಾಯಗಳ ಪಕ್ಕದಲ್ಲಿ ನಮ್ಮ ಜಿಲ್ಲೆಯ ಒಬ್ಬ ವಕೀಲರಿಂದಲೋ ನಿವೃತ್ತ ನ್ಯಾಯಾಧೀಶರಿಂದಲೋ ನಾಲ್ಕು ಸಾಲು ಬರೆಸಿ ಹಾಕಿ. ಜೊತೆಗೆ, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು ಎಂಬ ಮಾಹಿತಿಯನ್ನು, ಪ್ರಾಧಿಕಾರದ ಮಂಡ್ಯ ಕಚೇರಿಯ ವಿಳಾಸದೊಂದಿಗೆ ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ವಕೀಲರ ಗುಮಾಸ್ತ
ಗುತ್ತಲು, ಮಂಡ್ಯ