ಕೆರೆಯ ಹಾವಸೆಯೂ ಶಾಲೆಯ ಸೂಕ್ಷ್ಮದರ್ಶಕವೂ

ಬೀದರಿನ ಪಾಪನಾಶ ಕೆರೆಯಲ್ಲಾಗಲಿ, ಭಾಲ್ಕಿ ತಾಲೂಕಿನ ಕಾರಂಜಾ ಹಿನ್ನೀರಿನಲ್ಲಾಗಲಿ, ಔರಾದ ಸೀಮೆಯ ಮಾಂಜ್ರಾ ನದಿಯ ಮಡುಗಳಲ್ಲಾಗಲಿ ಹಸಿರು ಹಾವಸೆ ಕಂಡರೆ ನಾವು ಮೂಗು ಮುಚ್ಚಿಕೊಂಡು ಮುಂದೆ ಸಾಗುತ್ತೇವೆ. ವಿಜ್ಞಾನವನ್ನು ಕಲಿಸುವವರಾದರೂ ಅಲ್ಲಿ ಕ್ಷಣಕಾಲ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಇಂತಹ ಹಾವಸೆಯಲ್ಲಿ ಹಲವು ವೇಳೆ ಇರುವುದು ನೀಲಿಹಸಿರು ಪಾಚಿ. ಹೆಸರು ಪಾಚಿಯಾದರೂ ಇದು ಬ್ಯಾಕ್ಟೀರಿಯಗಳ ಕುಲಕ್ಕೆ ಸೇರಿದ್ದು. ಇದರ ನೀಲಿಗೆ ಕಾರಣವಾದ ಫೈಕೋಸಯನಿನ್ ಎಂಬ ವರ್ಣದ್ರವ್ಯವು ಪತ್ರಹರಿತ್ತು ಹಿಡಿಯಲಾರದ ಕಿತ್ತಳೆಗೆಂಪು ಬೆಳಕನ್ನು ಹೀರಿ, ಆ ಶಕ್ತಿಯನ್ನು ಪತ್ರಹರಿತ್ತಿಗೇ ದಾಟಿಸುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ೧೯೭೦ರ ದಶಕದಲ್ಲಿಯೇ ಪಾಚಿಗಳನ್ನು ಆಹಾರವಾಗಿ ಬೆಳೆಸುವ ಪ್ರಯೋಗಗಳಿಗೆ ಕೈಹಾಕಿತ್ತು. ಸ್ಪಿರುಲಿನದಿಂದ ತೆಗೆದ ನೀಲಿಯನ್ನು ಮಿಠಾಯಿಗಳಿಗೆ ಬಳಸಲು ಅಮೆರಿಕೆಯು ೨೦೧೩ರಲ್ಲಿ ಒಪ್ಪಿಗೆ ನೀಡಿತು. ಪ್ರಯೋಗಶಾಲೆಗಳಲ್ಲಿ ಈ ದ್ರವ್ಯವು ಉತ್ಕರ್ಷಣವನ್ನೂ ಉರಿಯೂತವನ್ನೂ ತಡೆಯುವ ಗುಣ ತೋರಿದೆ. ಅಷ್ಟನ್ನೇ ಹಿಡಿದುಕೊಂಡು ಸ್ಪಿರುಲಿನ ಗುಳಿಗೆಯನ್ನು ಸರ್ವರೋಗಕ್ಕೂ ಮದ್ದೆಂದು ಮಾರುವವರ ಮಾತು ಬೇರೆ, ಅದನ್ನು ನಂಬಬೇಕಾಗಿಲ್ಲ.

ಕೆರೆಯ ಹಾವಸೆಯೆಲ್ಲ ಸ್ಪಿರುಲಿನವೂ ಅಲ್ಲ. ಮೈಕ್ರೋಸಿಸ್ಟಿಸ್ ಎಂಬ ಇನ್ನೊಂದು ಜಾತಿ ಯಕೃತ್ತನ್ನು ಕೆಡಿಸುವ ವಿಷವನ್ನು ಉತ್ಪಾದಿಸಬಲ್ಲದು. ನೀರನ್ನು ಕುದಿಸಿದರೂ ಆ ವಿಷ ಹೋಗದು. ಅಂತಹ ನೀರು ಕುಡಿದ ದನಕರುಗಳು ಸತ್ತ ನಿದರ್ಶನಗಳು ಜಗತ್ತಿನ ಅನೇಕ ಕಡೆ ಇವೆ. ಬರಿಗಣ್ಣಿಗೆ ಎರಡೂ ಹಸಿರೇ. ಸೂಕ್ಷ್ಮದರ್ಶಕದಡಿ ಒಂದು ಸುರುಳಿ ಸುತ್ತಿದ ಎಳೆ, ಮತ್ತೊಂದು ಗುಂಪುಗೂಡಿದ ಗುಂಡು ಕಣಗಳು. ಒಕ್ಕಲುತನದ ಮನೆಗಳಿಂದ ಬರುವ ನಮ್ಮ ಮಕ್ಕಳು ಈ ಭೇದವನ್ನು ಅರಿಯಬೇಡವೇ?

ಅಂಗಡಿಯ ಸ್ಪಿರುಲಿನ ಪುಡಿಯನ್ನು ರಾತ್ರಿ ತಣ್ಣೀರಿನಲ್ಲಿ ನೆನೆಯಿಟ್ಟು ಮರುದಿನ ಸೋಸಿದರೆ ಹಸಿರು ಮೇಲುಳಿದು ನೀಲಿ ಕೆಳಗಿಳಿಯುತ್ತದೆ. ಪತ್ರಹರಿತ್ತು ನೀರಿನಲ್ಲಿ ಕರಗದು, ಫೈಕೋಸಯನಿನ್ ಕರಗುತ್ತದೆ. ಆ ತಿಳಿಯನ್ನು ಬಿಸಿಲಿಗೆ ಹಿಡಿದು ಪಕ್ಕದಿಂದ ನೋಡಿದರೆ ಕೆಂಪು ಹೊಳಪು. ಒಲೆಯ ಮೇಲಿಟ್ಟರೆ ಬಣ್ಣವೇ ಮಾಯ, ಏಕೆಂದರೆ ಅದು ಪ್ರೋಟೀನಿಗೆ ಅಂಟಿದ ಬಣ್ಣ. ಇಷ್ಟನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ಉಕ್ತಲೇಖನದ ಟಿಪ್ಪಣಿ ಬೇಕಾಗದು.

ನಿಜಾಮರ ಆಳ್ವಿಕೆಯಲ್ಲಿ ಉರ್ದು ಫಲಕದ ಮರೆಯಲ್ಲಿ ಕನ್ನಡ ಕಲಿಸಿದ ಭಾಲ್ಕಿಯ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರ ಸೀಮೆಯಿದು. ಇಲ್ಲಿನ ದಾಸೋಹಿಗಳಿಗೆ ವಿದ್ಯಾದಾನದ ಮಹಿಮೆಯನ್ನು ನಾನು ಹೇಳಬೇಕಾದುದಿಲ್ಲ. ಆದರೂ ದಾನವು ಬಹುಮಟ್ಟಿಗೆ ಮಹಾದ್ವಾರ, ಸಭಾಮಂಟಪಗಳತ್ತ ಹರಿಯುತ್ತಿದೆ. ಈ ವರ್ಷ ಕಮಾನಿನ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಪ್ರತಿ ಪ್ರೌಢಶಾಲೆಗೂ ಎರಡು ಒಳ್ಳೆಯ ಸೂಕ್ಷ್ಮದರ್ಶಕಗಳನ್ನು ಕೊಡಿಸಬೇಕೆಂದು ದಾನಿಗಳಲ್ಲಿ ವಿನಂತಿಸುತ್ತೇನೆ. ಅವು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂಡದಂತೆ ನೋಡಿಕೊಳ್ಳಬೇಕೆಂದು ಶಿಕ್ಷಕ ಬಂಧುಗಳಲ್ಲಿಯೂ.